ಕೊಟ್ಟಿಗೆಯಲ್ಲಿರುವ ಅಂಬಾಸಿಡರನ್ನು ಎಬ್ಬಿಸುದು ಹೇಗೆ: ಮೊದಲು ಬ್ರೇಕು, ಮತ್ತೆ ಇಂಜಿನು

ನಮ್ಮ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಹಳೆ ಮನೆಗಳಿಗೆ ಹೋದ್ರೆ ಅಡಿಕೆ ಕೊಟ್ಟಿಗೆಯ ಮೂಲೆಯಲ್ಲಿ ಟಾರ್ಪಾಲು ಹೊದ್ದುಕೊಂಡ ಅಂಬಾಸಿಡರ್ ಒಂದು ಎಲ್ಲಾದ್ರೂ ಕಣ್ಣಿಗೆ ಬೀಳ್ತದೆ. ಮೇಲೆ ಅಡಿಕೆ ಹಾಳೆಯ ಕಟ್ಟ, ಹಿಂದಿನ ಸೀಟಲ್ಲಿ ಬೆಕ್ಕು ಮರಿ ಹಾಕಿರ್ತದೆ, ಮನೆಯವ್ರು "ಇದನ್ನೊಮ್ಮೆ ರೆಡಿ ಮಾಡ್ಬೇಕು ಮಾರ್ರೆ" ಅಂತ ಹತ್ತು ವರ್ಷದಿಂದ ಹೇಳ್ತಾ ಇರ್ತಾರೆ. ನಮ್ಮಲ್ಲೂ ಹಾಗೇ, ಅಪ್ಪನ 1972ರ ಮಾರ್ಕ್ 2, ಪೆಟ್ರೋಲು. ಅದನ್ನು ಎಬ್ಬಿಸ್ಲಿಕ್ಕೆ ಹೊರಟಾಗ ನಾನು ಮಾಡಿದ ದೊಡ್ಡ ತಪ್ಪು ಎಂತ ಹೇಳಿದ್ರೆ ಮೊದಲು ಇಂಜಿನಿಗೆ ಕೈ ಹಾಕಿದ್ದು, ಮತ್ತೆ ಪೈಂಟಿಗೆ. ಇಂಜಿನು ಹೊಲಿಗೆ ಮೆಷಿನಿನ ಹಾಗೆ ಓಡ್ತಿತ್ತು, ಬಣ್ಣ ಫಳಫಳ, ಗ್ಯಾರೇಜಿನವ್ರು "ಬ್ರೇಕೆಲ್ಲ ಸರಿ ಉಂಟು" ಅಂದ್ರು, ನಾನೂ ನಂಬಿದೆ. ಮಧೂರಲ್ಲಿ ಒಂದು ಮದುವೆ ಊಟ ಮುಗಿಸಿ ಬರುವಾಗ ಇಳಿಜಾರಲ್ಲಿ ಪೆಡಲು ಒಮ್ಮೆಲೇ ನೆಲಕ್ಕೆ ಹೋಯ್ತು. ಪಕ್ಕದಲ್ಲಿ ಕೂತ ಭಾವ "ಎಂತ ಭಾವ, ನಿಲ್ಸುದಿಲ್ವಾ?" ಅಂತ ಕೇಳ್ತಾ ಇದ್ದಾನೆ, ನಾನು ಸೆಕೆಂಡ್ ಗೇರಿಗೆ ಎಳೆದು ಹ್ಯಾಂಡ್‌ಬ್ರೇಕ್ ಹಿಡಿದು ಕೊನೆಗೆ ಎಡಗಡೆಯ ಮುರಕಲ್ಲಿನ (ಜಂಬಿಟ್ಟಿಗೆಯ) ದರೆಗೆ ಒರೆಸಿ ನಿಲ್ಸಿದ್ದು. ಹೊಸ ಪೈಂಟು ಅಲ್ಲಿಗೆ ಸಮಾಪ್ತಿ. ಹಿಂದಿನ ಒಂದು ವೀಲ್ ಸಿಲಿಂಡರಿನ (ಆಯಿಲಿನ ಒತ್ತಡದಲ್ಲಿ ಬ್ರೇಕನ್ನು ಚಕ್ರದ ಡ್ರಮ್ಮಿಗೆ ಒತ್ತುವ ಸಣ್ಣ ಸಿಲಿಂಡರು) ರಬ್ಬರು ಹೋಗಿ ಆಯಿಲೆಲ್ಲ ಡ್ರಮ್ಮಿಗೆ ಇಳಿದಿತ್ತು, ಅಷ್ಟೇ. ಹಾಗಾಗಿ ಇಲ್ಲಿ ಬರೆಯುವ ಕ್ರಮವೂ ಅದೇ, ಮೊದಲು ನಿಲ್ಲುದು, ಆಮೇಲೆ ತುಕ್ಕು, ಆಮೇಲೆ ಓಡುದು, ಲೈಟು ಗೀಟು, ಕೊನೆಗೆ ಅಪ್‌ಗ್ರೇಡು.

ಅದಕ್ಕೂ ಮೊದಲು ಗಾಡಿಯ ಜಾತಕ ಸ್ವಲ್ಪ ಗೊತ್ತಿದ್ರೆ ಒಳ್ಳೇದು, ಸ್ಪೇರ್ ಹುಡುಕುವಾಗ ಉಪಕಾರ ಆಗ್ತದೆ. ನಾವು ದೇಶಿ ಅಂತ ಹೇಳುವ ಈ ಅಂಬಾಸಿಡರು ಹುಟ್ಟಿದ್ದು ಇಂಗ್ಲೆಂಡಿನಲ್ಲಿ, 1956ರ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಅಂತ. ಅದೇ ಗಾಡಿಯನ್ನು ಹಿಂದೂಸ್ತಾನ್ ಮೋಟರ್ಸ್‌ನವ್ರು ಕಲ್ಕತ್ತಾ ಹತ್ರದ ಉತ್ತರಪಾರಾದಲ್ಲಿ ಮಾಡ್ಲಿಕ್ಕೆ ಶುರು ಮಾಡಿ 2014ರವರೆಗೆ ಮಾಡಿದ್ರು. ಹಳೆ ಪೆಟ್ರೋಲ್ ಗಾಡಿಯಲ್ಲಿ ಇರುದು ಬಿಎಂಸಿಯ (ಬ್ರಿಟಿಷ್ ಮೋಟರ್ ಕಾರ್ಪೊರೇಶನ್) ಬಿ ಸೀರೀಸ್ 1489 ಸಿಸಿ ಇಂಜಿನು, ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲಿದ್ದ ಇಂಜಿನಿನ ಅಣ್ಣತಮ್ಮ. ಹಾಗಾಗಿ ಮೋರಿಸ್ ಆಕ್ಸ್‌ಫರ್ಡಿನ ಹಳೆ ವರ್ಕ್‌ಶಾಪ್ ಮ್ಯಾನುವಲ್ ಸಿಕ್ಕಿದ್ರೆ ಬಿಡ್ಬೇಡಿ, ಮುಕ್ಕಾಲು ವಿಷಯ ನಮ್ಮ ಗಾಡಿಗೆ ಹಾಗೇ ಹೊಂದ್ತದೆ. ಇನ್ನೊಂದು, ಬೋಲ್ಟೆಲ್ಲ ಇಂಚಿನ ಲೆಕ್ಕದ್ದು. 1/2 ಇಂಚಿನ ನಟ್ಟಿಗೆ 13 ಮಿಲಿಮೀಟರಿನ ಪಾನ (ಸ್ಪಾನರ್) ಹಾಕಿದ್ರೆ ಮೊದಲ ಸಲ ತಿರುಗ್ತದೆ, ಎರಡನೇ ಸಲ ಮೂಲೆ ಸವೆದು ಉರುಟಾಗಿ ಕೂತ್ಕೊಳ್ತದೆ, ಮತ್ತೆ ಉಳಿ ಸುತ್ತಿಗೆಯೇ ಗತಿ. 7/16, 1/2, 9/16 ಇಂಚಿನ ರಿಂಗ್ ಪಾನ ಒಂದು ಸೆಟ್ ಮೊದಲೇ ತೆಗೊಳ್ಳಿ, ಬೆಂಗಳೂರಿನ ಜೆಸಿ ರೋಡಿಗೆ ಹೋಗುವ ಯಾರಾದ್ರೂ ಇದ್ರೆ ಸ್ಪೇರಿನ ಚೀಟಿಯೊಟ್ಟಿಗೆ ಇದನ್ನೂ ಬರೆದು ಕೊಡಿ.

ಈಗ ಬ್ರೇಕು. ಹಳೆ ಗಾಡಿಯಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ಮು, ಲೈನು ಒಂದೇ. ಈಗಿನ ಕಾರಿನ ಹಾಗೆ ಎರಡು ಸರ್ಕ್ಯೂಟ್ ಇಲ್ಲ, ಒಂದು ಕಡೆ ಸೋರಿದ್ರೆ ನಾಲ್ಕೂ ಕಡೆ ಬ್ರೇಕ್ ಇಲ್ಲ. ವರ್ಷಗಟ್ಲೆ ನಿಂತ ಗಾಡಿಯಲ್ಲಿ "ಪೆಡಲ್ ಗಟ್ಟಿ ಉಂಟಲ್ಲ" ಅಂತ ನಂಬ್ಲಿಕ್ಕೆ ಹೋಗ್ಬೇಡಿ. ನಾಲ್ಕೂ ಡ್ರಮ್ ಬಿಚ್ಚಿ, ವೀಲ್ ಸಿಲಿಂಡರಿನ ಮೇಲಿನ ರಬ್ಬರ್ ಟೊಪ್ಪಿಯನ್ನು ಉಗುರಿನಲ್ಲಿ ಸ್ವಲ್ಪ ಎತ್ತಿ ನೋಡಿ, ಒಳಗೆ ಒದ್ದೆ ಇದ್ರೆ ಸಿಲಿಂಡರ್ ಹೋಯ್ತು ಅಂತಲೇ ಲೆಕ್ಕ. ಬರೀ ಕಿಟ್ (ಒಳಗಿನ ರಬ್ಬರಿನ ಸೆಟ್) ಹಾಕಿ ಸಾಕಾ ಕೇಳಿದ್ರೆ, ಸಿಲಿಂಡರಿನ ಒಳಗೋಡೆಗೆ ಬೆರಳು ಹಾಕಿ ತಿರುಗಿಸಿ, ನುಣ್ಣಗೆ ಕನ್ನಡಿಯ ಹಾಗೆ ಇದ್ರೆ ಕಿಟ್ ಸಾಕು, ಮರಳು ಮುಟ್ಟಿದ ಹಾಗೆ ಆದ್ರೆ ಹೊಸದೇ ಹಾಕ್ಬೇಕು. ಮುಂದಿನ ಡ್ರಮ್ಮಲ್ಲಿ ಎರಡೆರಡು ಸಿಲಿಂಡರ್ ಇರ್ತದೆ, ಒಂದನ್ನು ನೋಡಿ ಮುಚ್ಚಿಬಿಡ್ಬೇಡಿ. ರಬ್ಬರನ್ನು ಪೆಟ್ರೋಲಲ್ಲೋ ಡೀಸೆಲಲ್ಲೋ ತೊಳೆಯುವ ಅಭ್ಯಾಸ ಗ್ಯಾರೇಜಿನ ಹುಡುಗರಿಗೆ ಉಂಟು, ಅದು ಮಾತ್ರ ಬೇಡ, ಉಬ್ಬಿ ಹಾಳಾಗ್ತದೆ. ಹೊಸ ಬ್ರೇಕ್ ಆಯಿಲಿನಲ್ಲೇ ತೊಳೀರಿ.

ಪೈಪಿನ ಬಗ್ಗೆ ಹೇಳ್ಳೇಬೇಕು. ಗಾಡಿಯ ಅಡಿಯಲ್ಲಿ ಹೋಗುವ ಬ್ರೇಕ್ ಪೈಪು ಉಕ್ಕಿನದ್ದು, ನಮ್ಮ ಉಪ್ಪು ಗಾಳಿಗೆ, ಮಳೆಗೆ, ಕ್ಲಿಪ್ಪಿನ ಹಿಂದೆ ಕಾಣದ ಕಡೆ ತಿಂದು ಹಾಕಿರ್ತದೆ. ಕ್ಲಿಪ್ ಬಿಚ್ಚಿ ಅದರ ಹಿಂದೆಯೇ ನೋಡ್ಬೇಕು. ಬದಲು ಮಾಡುದಾದ್ರೆ ತಾಮ್ರ-ನಿಕ್ಕಲ್ ಮಿಶ್ರದ ಬ್ರೇಕ್ ಪೈಪ್ ಸಿಗ್ತದೆ, ತುಕ್ಕು ಹಿಡಿಯುದಿಲ್ಲ. ಫ್ರಿಜ್ಜು ಎಸಿ ರಿಪೇರಿಯವರ ಹತ್ರ ಇರುವ ಬರೀ ತಾಮ್ರದ ಪೈಪು ಹಾಕಿ ಕೊಡ್ತೇನೆ ಅಂತ ಯಾರಾದ್ರೂ ಹೇಳಿದ್ರೆ ಕೈ ಮುಗ್ದು ಬನ್ನಿ, ಅದು ಅಲುಗಾಟಕ್ಕೆ ಬಿರುಕು ಬಿಡ್ತದೆ. ರಬ್ಬರ್ ಹೋಸು ಮೂರೂ ಹೊಸದೇ ಹಾಕಿ, ಹೊರಗೆ ಚೆಂದ ಕಂಡ್ರೂ ಒಳಗೆ ಊದಿ ತೂತು ಮುಚ್ಚಿರ್ತದೆ, ಒಂದು ಚಕ್ರ ಬ್ರೇಕ್ ಬಿಟ್ಟ ಮೇಲೂ ಹಿಡ್ಕೊಂಡೇ ಇದ್ರೆ ಕಾರಣ ಹೆಚ್ಚಾಗಿ ಇದೇ. ಮತ್ತೆ ಲೈನಿನಲ್ಲಿ ಸಿಕ್ಕಿದ ಏರ್ ತೆಗೆಯುದು, ಮಾಸ್ಟರ್ ಸಿಲಿಂಡರಿಗೆ (ಪೆಡಲು ಒತ್ತಿದಾಗ ಆಯಿಲನ್ನು ತಳ್ಳುವ ಸಿಲಿಂಡರು) ದೂರದ ಚಕ್ರದಿಂದ ಶುರು, ನಮ್ಮ ಬಲಗೈ ಸ್ಟೇರಿಂಗಿನ ಗಾಡಿಗೆ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಮಗನನ್ನೋ ಮಗಳನ್ನೋ ಪೆಡಲಿಗೆ ಕೂರಿಸಿ, ಬಾಟ್ಲಿಯೊಳಗೆ ಆಯಿಲಲ್ಲಿ ಮುಳುಗಿದ ಟ್ಯೂಬಿನಿಂದ ಗುಳ್ಳೆ ಬರುದು ನಿಲ್ಲುವವರೆಗೆ ಮಾಡಿ, ಮೇಲಿನ ಡಬ್ಬಿ ಖಾಲಿ ಆಗ್ಲಿಕ್ಕೆ ಬಿಡ್ಬೇಡಿ. ಬ್ರೇಕ್ ಆಯಿಲು ಗಾಳಿಯ ನೀರನ್ನು ಎಳ್ಕೊಳ್ತದೆ, ಸೀಸೆ ಒಡೆದು ಆರು ತಿಂಗಳು ಇಟ್ಟದ್ದನ್ನು ಹಾಕ್ಬೇಡಿ, ಗಾಡಿಯಲ್ಲಿರುದನ್ನು ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲು ಮಾಡಿ. ಇಷ್ಟು ಆದ ಮೇಲೆ ಹ್ಯಾಂಡ್‌ಬ್ರೇಕ್ ಕೇಬಲ್ಲಿಗೆ ಗ್ರೀಸು, ನನ್ನ ಜೀವ ಉಳಿಸಿದ್ದು ಅದೇ.

ಮುಂದಿನ ಚಕ್ರ ಜಾಕಿ ಮೇಲೆ ಇರುವಾಗಲೇ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡಿ, ಟಕ್ ಟಕ್ ಅಂದ್ರೆ ಬೇರಿಂಗೋ ಕಿಂಗ್ ಪಿನ್ನೋ (ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಪಿನ್ನು) ಸವೆದಿದೆ. ಒಬ್ರು ಬ್ರೇಕ್ ಒತ್ತಿ ಹಿಡಿದಾಗ ಆಟ ಹೋದ್ರೆ ಬೇರಿಂಗು, ಹೋಗದಿದ್ರೆ ಪಿನ್ನು. ಗ್ರೀಸ್ ನಿಪ್ಪಲ್ಲು ಮಣ್ಣಲ್ಲಿ ಮುಚ್ಚಿ ಹೋಗಿರ್ತದೆ, ಹುಡುಕಿ ತೊಳೆದು ಹಳೆ ಕಪ್ಪು ಗ್ರೀಸ್ ಹೊರಗೆ ಬರುವವರೆಗೆ ಹೊಡೀರಿ, 1,500 ಕಿಲೋಮೀಟರಿಗೊಮ್ಮೆ. ಬರೀ ಜಾಕಿ ನಂಬಿ ಅಡಿಗೆ ಹೋಗ್ಬೇಡಿ, ಸ್ಟ್ಯಾಂಡು ಇಲ್ಲದಿದ್ರೆ ದಪ್ಪದ ಮರದ ದಿಮ್ಮಿ ಇಡಿ, ಮುರಕಲ್ಲು ಬೇಡ, ಅದು ಒಮ್ಮೆಲೇ ಪುಡಿ ಆಗ್ತದೆ.

ತುಕ್ಕಿನ ಕೆಲಸ ಪತ್ತನಾಜೆಯ ಮೊದಲು ಮುಗಿಸ್ಬೇಕು. ಮೇ ಕೊನೆಗೆ ಯಕ್ಷಗಾನ ಮೇಳದವ್ರು ಗೆಜ್ಜೆ ಬಿಚ್ಚುವ ಹೊತ್ತಿಗೆ ನಿಮ್ಮ ಗಾಡಿಯ ಅಡಿಯೂ ಒಣಗಿ ಬಣ್ಣ ಬಳ್ದು ಆಗಿರ್ಬೇಕು, ಜೂನಲ್ಲಿ ಶುರು ಮಾಡಿದ್ರೆ ವೆಲ್ಡಿಂಗ್ ಮಾಡಿದ ಜಾಗ ಸಂಜೆಗೆ ಕೆಂಪಾಗಿರ್ತದೆ. ಈ ಗಾಡಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ, ಹಾಗಾಗಿ ಅಡಿ ಹೋದ್ರೆ ಎಲ್ಲ ಹೋಯ್ತು. ಒಂದು ಸ್ಕ್ರೂಡ್ರೈವರ್, ಒಂದು ಹಳೆ ಸ್ಪೀಕರಿನ ಅಯಸ್ಕಾಂತ, ಒಂದು ಟಾರ್ಚು ಹಿಡ್ಕೊಳ್ಳಿ. ಅಯಸ್ಕಾಂತ ಅಂಟದ ಕಡೆ ಪುಟ್ಟಿ, ಸ್ಕ್ರೂಡ್ರೈವರ್ ಒಳಗೆ ಹೋದ ಕಡೆ ತಗಡಿಲ್ಲ. ಬಾಗಿಲಿನ ಕೆಳಗಿನ ಅಂಚು, ಬಾಗಿಲಡಿಯ ಪೆಟ್ಟಿಗೆ, ಡಿಕ್ಕಿಯ ನೆಲ, ಬ್ಯಾಟ್ರಿ ಕೂತ ತಟ್ಟೆ, ಹಿಂದಿನ ಪ್ಲೇಟ್ ಸ್ಪ್ರಿಂಗಿನ ಎರಡು ಕೊನೆ, ಇಷ್ಟು ಕಡೆ ಖಂಡಿತ ಚುಚ್ಚಿ ನೋಡ್ಬೇಕು. ಮುಂದೆ ಸ್ಪ್ರಿಂಗಿನ ಬದಲು ಉದ್ದದ ಟಾರ್ಶನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು) ಇರ್ತದೆ, ಅದರ ಹಿಂದಿನ ಕೊನೆ ಬಾಡಿಗೆ ಕೂತ ಜಾಗದಲ್ಲಿ ತುಕ್ಕು ಕಂಡ್ರೆ ಗಾಡಿ ಹೊರಗೆ ತೆಗೀಬೇಡಿ, ಮೊದಲು ಅದನ್ನು ವೆಲ್ಡ್ ಮಾಡಿಸಿ, ಆದ್ರೆ ಬಾರಿನ ಟೆನ್ಶನ್ ತೆಗೆಯುದು ಗೊತ್ತಿದ್ದ ಮೇಸ್ತ್ರಿಯೇ ಆಗ್ಬೇಕು.

ಬಾಗಿಲಿನ ಅಡಿಯಲ್ಲಿ ನೀರು ಹೋಗ್ಲಿಕ್ಕೆ ತೂತು ಉಂಟು, ಅದರಲ್ಲಿ ಐವತ್ತು ವರ್ಷದ ಮಣ್ಣು, ಕಸ ತುಂಬಿರ್ತದೆ. ತಂತಿ ಹಾಕಿ ಚುಚ್ಚಿದ್ದೇ ನಮ್ಮ ಗಾಡಿಯ ಎಡ ಬಾಗಿಲಿನಿಂದ ಅರ್ಧ ಚೆಂಬು ನೀರು ಬಂತು, ಅದೂ ಏಪ್ರಿಲಲ್ಲಿ! ತುಕ್ಕು ತೆಗೆಯದೆ ಮೇಲಿಂದ ಕಪ್ಪು ಅಂಡರ್‌ಕೋಟ್ ಹೊಡೆಸುದು ಗಾಯ ತೊಳೆಯದೆ ಬ್ಯಾಂಡೇಜ್ ಕಟ್ಟಿದ ಹಾಗೆ, ನೀರು ಒಳಗೇ ಕೂತು ತಿಂತದೆ. ವೈರ್ ಬ್ರಷ್ಷು, ಜಿಂಕ್ ಪ್ರೈಮರು, ಅದರ ಮೇಲೆ ಬಣ್ಣ, ಪೆಟ್ಟಿಗೆಯ ಒಳಗಡೆಗೆ ಮೇಣದ ಸ್ಪ್ರೇ. ಮೊದಲೆಲ್ಲ ಹಳೆ ಇಂಜಿನ್ ಆಯಿಲನ್ನೇ ಅಡಿಗೆ ಬಳಿತಿದ್ರು, ತುಕ್ಕು ನಿಲ್ತದೆ ಸರಿ, ಆದ್ರೆ ರಬ್ಬರ್ ಬುಷ್ಷೆಲ್ಲ ಕರಗಿ ಹಲ್ವ ಆಗ್ತದೆ.

ಇನ್ನು ಇಂಜಿನು. ಬಿ ಸೀರೀಸಿನ ಒಂದು ಗುಣ ಎಂತ ಹೇಳಿದ್ರೆ ಬೈದ್ರೂ ಓಡ್ತದೆ, ಆದ್ರೆ ಸಣ್ಣ ಸಣ್ಣ ಅಳತೆ ಸರಿ ಇದ್ರೆ ಬೇರೆಯೇ ಗಾಡಿ ಆಗ್ತದೆ. ಪಾಯಿಂಟ್ (ಡಿಸ್ಟ್ರಿಬ್ಯೂಟರಿನೊಳಗೆ ಕಿಡಿಗಾಗಿ ಕರೆಂಟು ಕಡಿಯುವ ಸ್ವಿಚ್ಚು) ಗ್ಯಾಪು 15 ಥೌ, ಹೇಳಿದ್ರೆ 0.015 ಇಂಚು, ಪ್ಲಗ್ಗು 25 ಥೌ, ಟಪ್ಪೆಟ್ (ವಾಲ್ವಿನ ಮೇಲಿನ ಸಂದು) 15 ಥೌ, ಫೈರಿಂಗ್ ಆರ್ಡರ್ (ಸಿಲಿಂಡರುಗಳಲ್ಲಿ ಕಿಡಿ ಬರುವ ಕ್ರಮ) 1-3-4-2. ಟಪ್ಪೆಟ್ ನೀವೇ ಮಾಡ್ಬಹುದು, ಅದಕ್ಕೊಂದು ಒಂಬತ್ತರ ಲೆಕ್ಕ ಉಂಟು, ಬಾಯಿಪಾಠ ಮಾಡಿ. ವಾಲ್ವಿಗೆ ಮುಂದಿಂದ 1ರಿಂದ 8ರವರೆಗೆ ನಂಬ್ರ ಕೊಡಿ, ಪ್ಲಗ್ ಬಿಚ್ಚಿ ಇಂಜಿನನ್ನು ಕೈಯಲ್ಲಿ ತಿರುಗಿಸಿ, 8ನೇ ವಾಲ್ವ್ ಪೂರ್ತಿ ಕೆಳಗೆ ಹೋದಾಗ 1ನೇದ್ದರ ಗ್ಯಾಪ್ ನೋಡ್ಬೇಕು, 6 ಕೆಳಗಿದ್ರೆ 3, 4 ಕೆಳಗಿದ್ರೆ 5, 7 ಕೆಳಗಿದ್ರೆ 2, ಹೀಗೆ ಎರಡು ಸೇರಿ ಒಂಬತ್ತು. ಫೀಲರ್ ಗೇಜು ಎಳೆಯುವಾಗ ಬೆಣ್ಣೆಯಲ್ಲಿ ಹೋದ ಹಾಗೆ ಸ್ವಲ್ಪ ಹಿಡಿತ ಇರ್ಬೇಕು, ಜಾರ್ಲಿಕ್ಕೂ ಬಾರ್ದು ಸಿಕ್ಕಿಕೊಳ್ಳಿಕ್ಕೂ ಬಾರ್ದು, ಲಾಕ್ ನಟ್ ಬಿಗಿ ಮಾಡುವಾಗ ಅಳತೆ ಬದಲಾಗ್ತದೆ ಹಾಗಾಗಿ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಗೇಜ್ ಹಾಕಿ ನೋಡಿ. ಎಕ್ಸಾಸ್ಟ್ ವಾಲ್ವಿನ ಗ್ಯಾಪು ಪ್ರತಿ ಸಲ ಕಡಿಮೆ ಆಗ್ತಾ ಬಂದ್ರೆ ಅದು ಸೂಚನೆ. ಈ ಇಂಜಿನು ಸೀಸದ ಪೆಟ್ರೋಲಿಗೆ ಮಾಡಿದ್ದು, 2000ದಲ್ಲಿ ಆ ಪೆಟ್ರೋಲ್ ದೇಶದಲ್ಲೇ ನಿಂತಿತು, ಸೀಸ ಇಲ್ಲದೆ ವಾಲ್ವು ಬೀಡಿನ ಹೆಡ್ಡಿನೊಳಗೆ ಸ್ವಲ್ಪ ಸ್ವಲ್ಪವೇ ಇಳಿದು ಕೂರ್ತದೆ. ಗಡಿಬಿಡಿ ಇಲ್ಲ, ಯಾವಾಗಾದ್ರೂ ಹೆಡ್ ಬಿಚ್ಚುವ ಪ್ರಸಂಗ ಬಂದ್ರೆ ಎಕ್ಸಾಸ್ಟಿಗೆ ಗಟ್ಟಿ ಉಕ್ಕಿನ ಸೀಟ್ ಹಾಕಿಸಿ, ಜನ್ಮಕ್ಕೆ ಆಯ್ತು.

ಎಸ್‌ಯು ಕಾರ್ಬುರೇಟರ್ (ಪೆಟ್ರೋಲು ಗಾಳಿ ಬೆರೆಸುವ ಸಾಮಾನು) ಇದ್ದ ಗಾಡಿಯಾದ್ರೆ ಭಾಗ್ಯವಂತರು. ಎಕ್ಸಲೇಟರ್ ಒತ್ತಿದಾಗ ಒಮ್ಮೆ ಮುಕ್ಕರಿಸಿ ಮತ್ತೆ ಎಳೆದ್ರೆ ಹೆಚ್ಚಾಗಿ ಮೇಲಿನ ಬುರುಡೆಯಲ್ಲಿ ಎಣ್ಣೆ ಇರುದಿಲ್ಲ, ಮೇಲಿನ ಟೊಪ್ಪಿ ಬಿಚ್ಚಿ ತೆಳು 20 ನಂಬ್ರದ ಆಯಿಲ್ ಎರೆದು ನೋಡಿ, ನಮ್ಮ ಗಾಡಿಗೆ ಇದನ್ನು ಯಾರೂ ಹದಿನೈದು ವರ್ಷದಿಂದ ಹಾಕಿರ್ಲಿಲ್ಲ. ಮಿಕ್ಸ್ಚರ್ ಸರಿ ಉಂಟಾ ನೋಡ್ಲಿಕ್ಕೆ ಇಂಜಿನ್ ಬಿಸಿ ಆದ ಮೇಲೆ ಪಿಸ್ಟನ್ನನ್ನು ಪಿನ್ನಿನಿಂದ ಒಂದು ಮಿಲಿಮೀಟರಿಗೂ ಕಡಿಮೆ ಎತ್ತಿ, ಆರ್‌ಪಿಎಂ ಏರಿ ಅಲ್ಲೇ ನಿಂತ್ರೆ ಪೆಟ್ರೋಲ್ ಜಾಸ್ತಿ, ಸಾಯ್ಲಿಕ್ಕೆ ಹೋದ್ರೆ ಕಡಿಮೆ, ಒಮ್ಮೆ ಸ್ವಲ್ಪ ಏರಿ ಮೊದಲಿನ ಹಾಗೆ ಆದ್ರೆ ಸರಿ. ಈಗಿನ ಇ20 (ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ) ಪೆಟ್ರೋಲಿಗೆ ಕೆಳಗಿನ ಜೆಟ್ ನಟ್ಟನ್ನು ಅರ್ಧ ಸುತ್ತಿಗಿಂತ ಕಡಿಮೆ ಕೆಳಗೆ ಇಳಿಸ್ಬೇಕಾಗಿ ಬರ್ಬಹುದು, ಎಥನಾಲಿನಿಂದ ಮಿಕ್ಸ್ಚರ್ ತೆಳು ಆಗ್ತದೆ. ಅದಕ್ಕಿಂತ ಮುಖ್ಯ ಪೆಟ್ರೋಲ್ ಹೋಸು, ಪಂಪಿನ ಡಯಾಫ್ರಾಮು. ಹಳೆ ರಬ್ಬರಿಗೆ ಎಥನಾಲ್ ಆಗುದಿಲ್ಲ, ಮೆತ್ತಗಾಗಿ ಬೆವರ್ತದೆ, ಬಿಸಿ ಎಕ್ಸಾಸ್ಟಿನ ಹತ್ರ. ಇ20ಗೆ ಆಗುವ ಹೋಸು ಕೇಳಿ ತೆಗೊಳ್ಳಿ, ಎರಡು ಮೀಟರಿಗೆ ಜುಗ್ಗತನ ಮಾಡ್ಬೇಡಿ.

ಆಯಿಲ್ ಸೋರ್ತದೆ ಅಂತ ಮಂಡೆಬಿಸಿ ಬೇಡ. ಈ ಇಂಜಿನಿನ ಹಿಂದುಗಡೆ ರಬ್ಬರ್ ಸೀಲೇ ಇಲ್ಲ, ಕ್ರ್ಯಾಂಕಿನ ಮೇಲೆ ಸುರುಳಿ ಗೀರು ಕೊರೆದು ಆಯಿಲನ್ನು ಹಿಂದೆ ಕಳಿಸುವ ವ್ಯವಸ್ಥೆ, ನಿಂತಾಗ ನಾಲ್ಕು ಹನಿ ಬೀಳುದು ಅದರ ಜಾಯಮಾನ. ಅಡಿಗೆ ಒಂದು ಅಡಿಕೆ ಹಾಳೆ ಇಟ್ಟುಬಿಡಿ, ಅಂಗಳ ಚೊಕ್ಕ ಇರ್ತದೆ. ಹನಿ ಹೋಗಿ ಧಾರೆ ಆದ್ರೆ ಮೊದಲು ಬ್ರೀದರ್ ಪೈಪ್ (ಇಂಜಿನಿನೊಳಗಿನ ಹಬೆ ಹೊರಗೆ ಹೋಗುವ ಪೈಪು) ಕಟ್ಟಿಕೊಂಡಿದೆಯಾ ನೋಡಿ. ಆಯಿಲು 20ಡಬ್ಲ್ಯೂ-50 ಮಿನರಲ್ ಸಾಕು, ದುಬಾರಿ ಸಿಂಥೆಟಿಕ್ ಹಾಕಿದ್ರೆ ಇನ್ನೂ ಚೆಂದಕ್ಕೆ ಸೋರ್ತದೆ. ಥರ್ಮೋಸ್ಟಾಟ್ ತೆಗೆದು ಬಿಸಾಡಿದ್ರೆ ಬಿಸಿ ಆಗುದಿಲ್ಲ ಅಂತ ಹೇಳುವವ್ರು ಪ್ರತಿ ಗ್ಯಾರೇಜಲ್ಲೂ ಇದ್ದಾರೆ, ಬಿಸಿ ಆಗ್ಲಿಕ್ಕೆ ಕಾರಣ ರೇಡಿಯೇಟರಲ್ಲಿ ಬ್ಲಾಕಲ್ಲಿ ತುಂಬಿದ ಕೆಂಪು ಕೆಸರು, ಅದನ್ನು ತೊಳೀರಿ, ಬಾವಿ ನೀರು ಬಿಟ್ಟು ಕೂಲೆಂಟ್ ಹಾಕಿ.

ಅಪ್‌ಗ್ರೇಡ್ ಅಂತ ಹೇಳಿದ್ರೆ ನನ್ನ ಮಟ್ಟಿಗೆ ಮೊದಲನೇದ್ದು ಕರೆಂಟು. ಆಟಿ ತಿಂಗಳ (ಜುಲೈ-ಆಗಸ್ಟಿನ ಜೋರು ಮಳೆಯ) ರಾತ್ರಿ ಚೆರ್ಕಳ-ಕಲ್ಲಡ್ಕ ರಸ್ತೆಯಲ್ಲಿ ಹೆಡ್‌ಲೈಟು, ವೈಪರು ಎರಡೂ ಹಾಕಿ ಬನ್ನಿ ನೋಡುವ. ಎದುರಿಂದ ಬಸ್ಸಿನವ ಬಿಳಿ ಲೈಟು ಬಿಟ್ಟ ಅಂದ್ರೆ ನಮ್ಮದು ಕಾಲುದೀಪ. ಹಳೆ ಡೈನಮೋ ಹೆಚ್ಚೆಂದ್ರೆ 22 ಆಂಪ್ ಹತ್ರ ಕೊಡ್ತದೆ, ಅದೂ ಇಂಜಿನ್ ಜೋರು ಓಡುವಾಗ, ಸ್ಲೋದಲ್ಲಿ ಏನೂ ಇಲ್ಲ. 55 ವ್ಯಾಟಿನ ಎರಡು ಬಲ್ಬಿಗೇ 9 ಆಂಪು ಬೇಕು. ಅದರ ಮೇಲೆ ಆ ಕರೆಂಟೆಲ್ಲ ಡ್ಯಾಶಿನ ಹಳೆ ಸ್ವಿಚ್ಚಿನ ಮೂಲಕ ಸುತ್ತಿ ಬರ್ತದೆ, ಬಲ್ಬಿಗೆ ಮುಟ್ಟುವಾಗ 12 ವೋಲ್ಟಲ್ಲಿ 10 ಉಳಿದ್ರೆ ಪುಣ್ಯ.

ಕಡಿಮೆ ಖರ್ಚಿನ ಮದ್ದು ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಬಿಡುವ ಸ್ವಿಚ್ಚು), ಒಂದು ಡಿಮ್ಮಿಗೆ ಒಂದು ಬ್ರೈಟಿಗೆ. ರಿಲೇಯ ಕಾಲಿನ ಹತ್ರವೇ ನಂಬ್ರ ಇರ್ತದೆ. ಬ್ಯಾಟ್ರಿಯಿಂದ 20 ಆಂಪಿನ ಫ್ಯೂಸ್ ಹಾಕಿದ ದಪ್ಪ ವಯರು 30ಕ್ಕೆ, 87ರಿಂದ ಬಲ್ಬಿಗೆ, ಮೊದಲು ಬಲ್ಬಿಗೆ ಹೋಗ್ತಿದ್ದ ಹಳೆ ವಯರು 86ಕ್ಕೆ, 85 ಬಾಡಿಗೆ. ಈಗ ಹಳೆ ಸ್ವಿಚ್ಚಿನಲ್ಲಿ ಹೋಗುದು ಬರೀ ರಿಲೇ ಎಳೆಯುವಷ್ಟು ಕರೆಂಟು. ಬಲ್ಬಿನ ಅರ್ತ್ ವಯರನ್ನೂ ಹೊಸದು ಹಾಕಿ ಬಣ್ಣ ಕೆರೆದ ಜಾಗಕ್ಕೆ ಬೋಲ್ಟ್ ಮಾಡಿ, ಅರ್ಧ ಕಾಯಿಲೆ ಅಲ್ಲೇ ಇರುದು. ನಾನು ಒಂದು ಆದಿತ್ಯವಾರ ಮಧ್ಯಾಹ್ನದ ಮೇಲೆ ಕೂತು ಮಾಡಿದ್ದು, ರಾತ್ರಿ ಅಂಗಳದಿಂದ ಲೈಟು ಬಿಟ್ರೆ ತೋಟದ ಕೊನೆಯ ಕಂಗಿನ (ಅಡಿಕೆ ಮರದ) ಸಾಲು ಕಂಡಿತು, ಅಮ್ಮ ಯಾರು ಬಂದದ್ದು ಅಂತ ಹೊರಗೆ ಬಂದ್ರು.

ಅದರ ಮುಂದೆ ಡೈನಮೋದ ಬದಲು ಹಾಕುವ ಆಲ್ಟರ್ನೇಟರು. ಸಣ್ಣ ಕಾರಿನ 35ರಿಂದ 45 ಆಂಪಿನದ್ದು ಸಾಕು, ಬ್ರಾಕೆಟ್ ಲೇತಿನವರ ಹತ್ರ ಮಾಡಿಸ್ಬೇಕು, ಪುಲ್ಲಿ ಮೂರೂ ಒಂದೇ ಗೆರೆಯಲ್ಲಿ ಬರ್ಬೇಕು, ಇಲ್ಲದಿದ್ರೆ ಬೆಲ್ಟ್ ತಿಂತದೆ. ಆದ್ರೆ ನಿಲ್ಲಿ, ಮೊದಲು ಬ್ಯಾಟ್ರಿ ನೋಡಿ. ಆ ಕಾಲದ ಬ್ರಿಟಿಷ್ ಗಾಡಿಗಳಲ್ಲಿ ಪ್ಲಸ್ಸನ್ನು ಬಾಡಿಗೆ ಕೊಡುವ ಕ್ರಮ ಇತ್ತು. ನಿಮ್ಮದ್ರಲ್ಲಿ ಹಾಗಿದ್ದು ಆಲ್ಟರ್ನೇಟರೋ ಎಲೆಕ್ಟ್ರಾನಿಕ್ ಇಗ್ನಿಶನ್ನೋ ಹಾಕಿದ್ರೆ ಕೀ ತಿರುಗಿಸಿದ ಕ್ಷಣ ಸುಟ್ಟು ಹೋಗ್ತದೆ, ರೇಡಿಯೋ ಕೂಡ. ಮೈನಸ್ ಬಾಡಿಗೆ ತಂದು, ಇಗ್ನಿಶನ್ ಕಾಯಿಲಿನ ಎರಡು ಸಣ್ಣ ವಯರ್ ಅದಲುಬದಲು ಮಾಡಿ, ಆಂಪ್ ಮೀಟರಿನದ್ದೂ ಹಾಗೆ. ಡೈನಮೋವೇ ಇಟ್ಕೊಳ್ಳುದಾದ್ರೆ ಅದರ ಎರಡೂ ವಯರ್ ಬಿಚ್ಚಿ ಬ್ಯಾಟ್ರಿ ಪ್ಲಸ್ಸಿನಿಂದ ಒಂದು ವಯರು ತಂದು ಅದರ ಎಫ್ (ಫೀಲ್ಡ್) ಟರ್ಮಿನಲ್ಲಿಗೆ ಎರಡು ಮೂರು ಸಲ ಮುಟ್ಟಿಸ್ಬೇಕು, ಸಣ್ಣ ಕಿಡಿ ಬರ್ತದೆ, ಅಷ್ಟಕ್ಕೆ ಅದರ ದಿಕ್ಕು ಬದಲಾಗ್ತದೆ. ಎಲೆಕ್ಟ್ರಾನಿಕ್ ಇಗ್ನಿಶನ್ ಹಾಕಿದವ್ರು ಹಳೆ ಪಾಯಿಂಟ್ ಪ್ಲೇಟನ್ನು ಡ್ಯಾಶಿನ ಪೆಟ್ಟಿಗೆಯಲ್ಲೇ ಇಟ್ಕೊಳ್ಳಿ, ಅಡೂರು ಕಾಡಲ್ಲಿ ಮಾಡ್ಯೂಲ್ ಕೈ ಕೊಟ್ರೆ ಯಾವ ಅಂಗಡಿಯಲ್ಲಿ ಕೇಳ್ತೀರಿ?

ಇಂಜಿನ್ ಬದಲು ಮಾಡುವ ಆಸೆ ಎಲ್ಲರಿಗೂ ಬರ್ತದೆ, 1990ರ ನಂತರದ ಗಾಡಿಗಳಲ್ಲಿ ಬಂದ ಇಸುಝು 1800 ಇಂಜಿನು, ಐದು ಗೇರು. ಗಾಡಿ ಹಾರ್ತದೆ, ಸುಳ್ಳಲ್ಲ. ನನಗೆ ಮಾತ್ರ ಹಳೆ ಡ್ರಮ್ ಬ್ರೇಕಿಗೆ ಆ ಇಂಜಿನು ಅಂದ್ರೆ ದರೆಯ ನೆನಪಾಗ್ತದೆ. ಹಾಕುದಾದ್ರೆ ಮುಂದಿನ ಡಿಸ್ಕ್ ಬ್ರೇಕು, ಸರ್ವೋ (ಪೆಡಲಿನ ಒತ್ತಡ ಹೆಚ್ಚಿಸುವ ಸಾಮಾನು) ಮೊದಲು ಹಾಕಿ, ಇಂಜಿನು ಮತ್ತೆ. ಕಾಗದದ ಕತೆಯೂ ಉಂಟು, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಗೆ ಸಂಬಂಧಪಟ್ಟದ್ದನ್ನು ಹೇಳದೆ ಬದಲು ಮಾಡುವ ಹಾಗಿಲ್ಲ, 2019ರಲ್ಲಿ ಇದರ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದೂ ಕೇರಳದ್ದೇ ಕೇಸಲ್ಲಿ, ನಮ್ಮಲ್ಲಿ ಮಾಡಿಫಿಕೇಶನ್ ನೋಡುದು ಸ್ವಲ್ಪ ಬಿಗಿ. ಮೊದಲು ಆರ್‌ಟಿ ಆಫೀಸಲ್ಲಿ ಕೇಳಿ, ಆಮೇಲೆ ದುಡ್ಡು ಬಿಚ್ಚಿ. 50 ವರ್ಷ ದಾಟಿದ, ಹುಟ್ಟಿದ ಹಾಗೇ ಇರುವ ಗಾಡಿಗೆ 2021ರ ನಿಯಮದ ಪ್ರಕಾರ ವಿಂಟೇಜ್ ರಿಜಿಸ್ಟ್ರೇಶನ್ ಉಂಟು, 20,000 ರೂಪಾಯಿ, ಹತ್ತು ವರ್ಷಕ್ಕೆ, ಮತ್ತೆ ರಿನ್ಯೂ ಮಾಡ್ಲಿಕ್ಕೆ 5,000. ಆದ್ರೆ ಆ ನಂಬ್ರ ಹಾಕಿದ್ರೆ ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕ್ಲಿಕ್ಕೆ ಹೋಗುದು ಇಷ್ಟಕ್ಕೇ, ದಿನಾ ಪೇಟೆಗೆ ಹೋಗ್ಲಿಕ್ಕಿಲ್ಲ. ನಾನು ವಾರಕ್ಕೊಮ್ಮೆ ಬದಿಯಡ್ಕಕ್ಕೆ ತರಕಾರಿಗೆ ಹೋಗುವವ, ಹಾಗಾಗಿ ಸಾದಾ ರಿಜಿಸ್ಟ್ರೇಶನ್ನೇ ಐದೈದು ವರ್ಷಕ್ಕೆ ರಿನ್ಯೂ ಮಾಡ್ತೇನೆ.

ಮಳೆಗಾಲದಲ್ಲಿ ಗಾಡಿ ನಿಲ್ಲಿಸುದಾದ್ರೆ ಟಾರ್ಪಾಲು ನೇರ ಬಾಡಿಗೆ ಹೊದಿಸ್ಬೇಡಿ, ಒಳಗೆ ಬೆವರಿ ನಿಮ್ಮ ತುಕ್ಕಿನ ಕೆಲಸವೆಲ್ಲ ನೀರು. ಮೇಲೆ ಮಾಡು (ಸೂರು) ಇದ್ರೆ ಹಾಗೇ ಬಿಡಿ, ಹಳೆ ಬೆಡ್‌ಶೀಟ್ ಸಾಕು. ಹ್ಯಾಂಡ್‌ಬ್ರೇಕ್ ಎಳೆದಿಡ್ಬೇಡಿ, ಲೈನರು ಡ್ರಮ್ಮಿಗೆ ಅಂಟಿಕೊಳ್ತದೆ, ಚಕ್ರಕ್ಕೆ ಕಲ್ಲು ಕೊಡಿ. ಬ್ಯಾಟ್ರಿಯ ಒಂದು ವಯರ್ ಬಿಚ್ಚಿ. ಹತ್ತು ಹದಿನೈದು ದಿವಸಕ್ಕೊಮ್ಮೆ ಮಳೆ ಬಿಟ್ಟಾಗ ಸ್ಟಾರ್ಟ್ ಮಾಡಿ ನಿಲ್ಲಿಸಿದಲ್ಲೇ ಗುರ್ ಅನ್ನಿಸಿ ಆಫ್ ಮಾಡುದಲ್ಲ, ಪೂರ್ತಿ ಬಿಸಿ ಆಗುವ ಹಾಗೆ ಎಂಟು ಹತ್ತು ಕಿಲೋಮೀಟರ್ ಹೋಗಿ ಬನ್ನಿ, ಆಗ ಸೈಲೆನ್ಸರಿನೊಳಗಿನ ನೀರೂ ಒಣಗ್ತದೆ. ಸ್ಟಾರ್ಟ್ ಮಾಡುವ ಮೊದಲು ಬೋನೆಟ್ ಎತ್ತಿ ಏರ್ ಕ್ಲೀನರಿನ ಹತ್ರ ನೋಡಿ, ನಮ್ಮದ್ರಲ್ಲಿ ಇಲಿ ತೆಂಗಿನ ನಾರು ತಂದು ಗೂಡು ಕಟ್ಟಿ ಕಾಯಿಲಿನ ವಯರು ಅರ್ಧ ತಿಂದಿತ್ತು, ಈಗ ಬೆಕ್ಕಿಗೆ ಹಿಂದಿನ ಸೀಟು ಪುನಃ ಬಿಟ್ಟುಕೊಟ್ಟಿದ್ದೇನೆ.